ಸಾಬೂನು ಹಿಡಿದ ಮುಚ್ಚಳ

ಅಡುಗೆಮನೆಯ ಕಿಟಕಿಯಲ್ಲಿದ್ದ ಪಾತ್ರೆ ತೊಳೆಯುವ ಸಾಬೂನಿನ ದ್ರವಕ್ಕೆ ಅಂಗಳದ ಕಾರಿನ ಮೇಣವೆಂದರೆ ಪ್ರಾಣ. ಬಣ್ಣ ಕಾಯಲೆಂದು ಬಳಿದಿದ್ದ ಆ ಮೇಣದ ಮೇಲೆ ನೀರು ದುಂಡು ಹನಿಗಳಾಗಿ ಉರುಳುತ್ತಿತ್ತು.

"ನನ್ನ ಪಾಲಿಗೆ ಬರೀ ಬಾಣಲೆ, ಸಾರಿನ ಪಾತ್ರೆ. ಒಂದೇ ಒಂದು ಸಲ ನಿನ್ನನ್ನು ಮುಟ್ಟಬೇಕು," ಎಂದಿತು ಸಾಬೂನು.

"ಬೇಡ ಮಾರಾಯ," ಎಂದಿತು ಮೇಣ. "ಜಿಡ್ಡು ಕರಗಿಸುವುದು ನಿನ್ನ ಕಸುಬು. ನಾನಿರುವುದೇ ಜಿಡ್ಡಿನಿಂದ. ನನಗೆ ಕಾರಿನ ಶಾಂಪೂವೇ ಸರಿ. ಅದು ಧೂಳನ್ನಷ್ಟೇ ಒಯ್ಯುತ್ತದೆ."

"ಅದಕ್ಕಿಂತ ಹೆಚ್ಚು ನೊರೆ ನನ್ನಲ್ಲಿದೆ!"

"ನೊರೆ ಯಾರು ಕೇಳಿದರು? ನನ್ನ ಮೇಲೆ ಪ್ರೀತಿಯಿದ್ದರೆ ಅಲ್ಲೇ ಇರು."

ಆಯುಧಪೂಜೆಯ ಬೆಳಿಗ್ಗೆ ಶಾಂಪೂ ಮುಗಿದಿತ್ತು. "ಬಾಣಲೆಯ ಜಿಡ್ಡನ್ನೇ ಬಿಡಿಸುವ ಇದಕ್ಕೆ ಕಾರಿನ ಧೂಳು ಯಾವ ಲೆಕ್ಕ?" ಎನ್ನುತ್ತ ಮನೆಯೊಡೆಯ ವಾದಿರಾಜರು ಸಾಬೂನಿನ ಬಾಟಲಿ ಎತ್ತಿಕೊಂಡರು. ಮುಚ್ಚಳ ಅಂಟಿಕೊಂಡಿತ್ತು. ಎಷ್ಟು ತಿರುಗಿಸಿದರೂ ಬರಲಿಲ್ಲ. "ಹಾಳಾಗಲಿ, ಬರೀ ನೀರೇ ಸಾಕು," ಎಂದು ಅವರು ಕೆಳಗಿಡುವಷ್ಟರಲ್ಲಿ ಸಾಬೂನು ಒಳಗಿನಿಂದ ಒತ್ತಿ ತಾನೇ ಮುಚ್ಚಳ ಬಿಚ್ಚಿಕೊಂಡಿತು.

ಅದು ಒಂದು ಮೂಲೆಯನ್ನೂ ಬಿಡದೆ ಕಾರನ್ನು ಅಪ್ಪಿಕೊಂಡಿತು. ಆಮೇಲೆ ವಾದಿರಾಜರು ನೀರು ಸುರಿದರು. ಒಂದು ಹನಿಯೂ ಉರುಳಲಿಲ್ಲ. ನೀರು ಹರಡಿಕೊಂಡು ನಿಂತಿತು.

"ಮೇಣವೇ, ಎಲ್ಲಿದ್ದೀಯ?" ಎಂದು ಬಾಟಲಿಯಲ್ಲಿ ಉಳಿದಿದ್ದ ಸಾಬೂನು ಕೂಗಿತು.

"ನಿನ್ನ ನೊರೆಯ ಜೊತೆಯೇ ಹೋಯಿತಲ್ಲ," ಎಂದಿತು ಕಾರಿನ ಬಣ್ಣ. "ಇನ್ನು ಬಿಸಿಲಿಗೆ ನಾನೊಬ್ಬನೇ."

ಮುಂದಿನ ತಿಂಗಳು ವಾದಿರಾಜರು ಕಾರಿಗೆ ಹೊಸ ಮೇಣ ಬಳಿದರು. ಹನಿಗಳು ಮತ್ತೆ ದುಂಡಗೆ ಉರುಳಿದವು. ಸಾಬೂನು ಕಿಟಕಿಯಿಂದ ನೋಡುತ್ತಲೇ ಇತ್ತು. ಮುಚ್ಚಳವನ್ನು ಮಾತ್ರ ಒಳಗಿನಿಂದ ಬಿಗಿಯಾಗಿ ಹಿಡಿದುಕೊಂಡಿತ್ತು.