ಎಮ್ಮೆಯ ಹಿಂದಿನ ಬಂಡಿ

ಭಗವಂತ ಎಲ್ಲರಿಗೂ ಕಾಲು ಕೊಟ್ಟ. ಒಂದೇ ವೇಗವನ್ನು ಮಾತ್ರ ಕೊಡಲಿಲ್ಲ. ಪ್ರಾಣಿಗಳು ಪ್ರತಿವರ್ಷ ನಡೆಸುವ ರಸ್ತೆ ಓಟದಲ್ಲಿ ಒಂದು ಎಮ್ಮೆ ಎಲ್ಲರಿಗಿಂತ ಹಿಂದೆ ಬಿತ್ತು. ಅದರ ಬೆನ್ನಿಗೇ ಒಂದು ಎತ್ತು, ದಣಿದು ಓಟ ಬಿಟ್ಟವರನ್ನು ಹತ್ತಿಸಿಕೊಳ್ಳುವ ಬಂಡಿಯನ್ನು ಎಳೆದುಕೊಂಡು ಬರುತ್ತಿತ್ತು. ಎಲ್ಲರಿಗಿಂತ ಹಿಂದಿರುವವರು ಹತ್ತಿದೊಡನೆ ಬಂಡಿ ಮನೆಗೆ ತಿರುಗಬಹುದು ಎಂಬುದು ಓಟದ ಕಟ್ಟಳೆ.

ದಾರಿಯಲ್ಲಿ ನೀರು, ಹಣ್ಣು ಹಂಚುತ್ತಿದ್ದ ಕಾಗೆ ನಕ್ಕಿತು. "ಬಾಳೆಹಣ್ಣು ಮುಗಿದು ಸಿಪ್ಪೆ ಉಳಿದಿದೆ, ಎಮ್ಮಮ್ಮ. ಮುಂದಿನ ವರ್ಷದ ಓಟಕ್ಕೆ ಈಗಲೇ ಹೊರಟೆಯೇನು?"

"ನನಗೆ ಸಿಪ್ಪೆಯೇ ರುಚಿ. ಸ್ವಾಮಿ ನನ್ನ ಪಾಲನ್ನು ಉಳಿಸಿದ್ದಾನೆ," ಎಂದು ಎಮ್ಮೆ ಅದನ್ನು ತಿಂದು ಓಡಿತು.

ಕಡೆಯ ಏರಿನಲ್ಲಿ ಅದರ ಓಟ ನಡಿಗೆಗೆ ಇಳಿಯಿತು.

"ಹತ್ತಕ್ಕ," ಎಂದಿತು ಎತ್ತು. "ಓಟ ಮುಗಿಯುವ ಗೇಟನ್ನು ಇನ್ನೇನು ಮುಚ್ಚುತ್ತಾರೆ. ಇಲ್ಲಿ ಯಾರು ನೋಡುತ್ತಾರೆ?"

"ಉಸಿರು ಕೊಟ್ಟವನು ನೋಡುತ್ತಾನಲ್ಲ, ಅಣ್ಣ. ಬಿದ್ದರೆ ಹತ್ತಿಸಿಕೋ. ನಿಂತಿರುವ ತನಕ ಕರೆಯಬೇಡ."

ಎತ್ತು ಬಂಡಿ ಎಳೆದುಕೊಂಡು ಹಿಂದೆಯೇ ಬಂತು. ಎಮ್ಮೆ ಹೆಜ್ಜೆ ಕಿತ್ತಿಟ್ಟು ಏರು ಹತ್ತಿತು. ಕೋತಿ ಮುಚ್ಚುತ್ತಿದ್ದ ಗೇಟಿನೊಳಗೆ ಮೂತಿ ತೂರಿಸಿ ಒಳಹೊಕ್ಕಿತು. ತಿರುಗಿ ನೋಡಿದರೆ ಎತ್ತು ಹೊರಗೇ ನಿಂತು ಗೇಟಿನ ಮೇಲಿನ ಕಮಾನಿನ ಹೂಗಳನ್ನು ದಿಟ್ಟಿಸುತ್ತಿತ್ತು.

"ಯಾಕಣ್ಣ, ಅಲ್ಲೇ ನಿಂತೆ?"

"ಪ್ರತಿಸಲವೂ ಯಾರಾದರೂ ಹತ್ತಿಬಿಡುತ್ತಿದ್ದರು, ನಡುದಾರಿಯಿಂದಲೇ ತಿರುಗುತ್ತಿದ್ದೆ. ಈ ಗೇಟನ್ನು ಇವತ್ತೇ ಕಂಡೆ, ಅಕ್ಕ."

ಎಮ್ಮೆ ಗೇಟಿಗೆ ಅಡ್ಡಲಾಗಿ ನಿಂತು ಕೋತಿಗೆ ಹೇಳಿತು: "ಮುಚ್ಚಬೇಡ. ಇನ್ನೊಬ್ಬರು ಬರುವವರಿದ್ದಾರೆ."