ಎಂಜಿನ್ನಿಗೆ ಬಳಿದ ನೀಲಿ ಬಣ್ಣ

ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ: “ಗುರುಗಳೇ, ಮಠದ ಉಸ್ತುವಾರಿ ನನಗೆ ವಹಿಸಿದಿರಿ. ಅಂದಿನಿಂದ ಅಡುಗೆಯವನು ಎದುರು ಮಾತಾಡುತ್ತಾನೆ. ಹೂವಿನವಳು ಮುಖ ಕೊಟ್ಟು ಮಾತಾಡುವುದಿಲ್ಲ. ಗೋಶಾಲೆಯವನು ಕೆಲಸಕ್ಕೆ ಕರೆದರೆ ಕಿವುಡ, ಊಟಕ್ಕೆ ಕರೆದರೆ ಕಿವಿ ಚುರುಕು. ಮೊದಲು ಇವರು ಯಾರೂ ಹೀಗಿರಲಿಲ್ಲ. ಇವರಲ್ಲಿ ಯಾರನ್ನು ಮೊದಲು ತಿದ್ದಲಿ? ಇಲ್ಲ, ಎಲ್ಲರನ್ನೂ ಕಳಿಸಿ ಹೊಸಬರನ್ನು ತರಲೇ?”

ಗುರುಗಳು ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿ ಕತೆ ಹೇಳಿದರು.

ಹೊಳೆ ಸಮುದ್ರ ಸೇರುವ ಕಡೆ ಒಬ್ಬ ದೋಣಿಯವನಿದ್ದ. ಆಚೆ ದಡದಲ್ಲಿ ಒಬ್ಬ ವ್ಯಾಪಾರಿ. ದೋಣಿಯವನ ಮಗಳು ಸುಗಂಧಿಯನ್ನು ವ್ಯಾಪಾರಿಯ ಮಗನಿಗೆ ಕೊಡುವುದೆಂದು ವೀಳ್ಯ ಬದಲಾಗಿತ್ತು. ಹುಡುಗ ಹುಡುಗಿ ಒಪ್ಪಿದ್ದರು. ಒಪ್ಪಿದ್ದರು ಅಂದರೆ ಏನು, ದೊಡ್ಡವರು ಕೇಳುವ ಮೊದಲೇ ಒಪ್ಪಿಕೊಂಡಿದ್ದರು ಅಂತ ದೋಣಿ ಕಟ್ಟುವ ದಕ್ಕೆಯ ಹೆಂಗಸರಿಗೆಲ್ಲ ಗೊತ್ತಿತ್ತು.

ವ್ಯಾಪಾರಿಯ ಬಳಿ ಹಳೆಯದೊಂದು ಜೆಟ್ ಬೋಟಿತ್ತು. ಅಡಿಯಿಂದ ನೀರು ಹೀರಿ, ಹಿಂದಕ್ಕೆ ಉಗುಳಿ, ಬಾಣದಂತೆ ಓಡುವ ಜಾತಿಯದು. ಪ್ರವಾಸಿಗರನ್ನು ಸುತ್ತಿಸಲೆಂದು ದೋಣಿಯವನು ಅದನ್ನು ಕೊಂಡ. ಕೊಂಡ ದಿನ ತಾನೇ ಓಡಿಸಿಕೊಂಡು ಹೊಳೆ ದಾಟಿದ.

ತಂದವನು ಸುಮ್ಮನಿರಲಿಲ್ಲ. ನೆಂಟರು ನೋಡಲು ಬರುವವರಿದ್ದರು. ಹಳೆಯ ಮಾಲು ಅಂತ ಯಾರೂ ಅನ್ನಬಾರದು. ಅಡಿಯಿಂದ ಮುಡಿಯವರೆಗೆ ನೀಲಿ ಬಣ್ಣ ಬಳಿದ. ಎಂಜಿನ್ನನ್ನೂ ಬಿಡಲಿಲ್ಲ.

ನೆಂಟರು ಬಂದ ದಿನ ಕೀಲಿ ತಿರುಗಿಸಿದರೆ ಹಲ್ಲಿ ಲೊಚಗುಟ್ಟಿದಂತೆ ಟಕ್ ಟಕ್ ಅಂದಿತು, ಎಂಜಿನ್ ಹಿಡಿಯಲಿಲ್ಲ. ಹಾರ್ನ್ ಒತ್ತಿದರೆ ದೀಪ ಮಂಕಾಯಿತು. ದೀಪ ಹಾಕಿದರೆ ಮೀಟರಿನ ಮುಳ್ಳು ಮಲಗಿತು. ತಳದ ನೀರು ಎತ್ತುವ ಪಂಪು ನರಳಿ ಸುಮ್ಮನಾಯಿತು. ದೋಣಿಯವನು ಹೊಸ ಬ್ಯಾಟರಿ ತಂದ. ಸ್ಟಾರ್ಟರ್ ಬದಲಿಸಿದ. ದೀಪವನ್ನೂ ಬದಲಿಸಿದ. ಹೊಸದಾಗಿ ಬಂದದ್ದೂ ಹಳೆಯದರ ಚಾಳಿಯನ್ನೇ ಕಲಿಯಿತು.

ದಕ್ಕೆಯಲ್ಲಿ ಮಾತೆದ್ದಿತು. ಬೀಗ ಟೋಪಿ ಹಾಕಿದ ಅಂದರು ಕೆಲವರು. ಆ ವ್ಯಾಪಾರಿ ಅದರಲ್ಲಿ ಯಾರನ್ನು ಕೂರಿಸಿಕೊಂಡು ಎಲ್ಲೆಲ್ಲಿ ತಿರುಗಿದ್ದನೋ, ಅದರ ಪಾಪ ಅಂದರು ಇನ್ನು ಕೆಲವರು. ಕಂಡವರು ಒಬ್ಬರೂ ಇಲ್ಲ, ಹೇಳದವರೂ ಒಬ್ಬರಿಲ್ಲ.

ದೋಣಿಯವನ ಕಿವಿ ಕಾದಿತ್ತು. ಸಂತೆಯಲ್ಲಿ ವ್ಯಾಪಾರಿಯನ್ನು ತಡೆದ.

“ಹೆಣಕ್ಕೆ ಹೂ ಮುಡಿಸಿ ಮಾರಿದಿರಲ್ಲ, ಬೀಗರೇ.”

“ನನ್ನ ಮನೆಯಲ್ಲಿದ್ದಾಗ ಹಾಡುತ್ತಿತ್ತು, ನಿಮ್ಮ ಮನೆ ಸೇರಿ ಮೂಕವಾಯಿತು. ಅಂಥ ಮನೆಯ ಹೆಣ್ಣು ತರುವ ಮೊದಲು ನಾನೂ ಸ್ವಲ್ಪ ಯೋಚಿಸಬೇಕು,” ಅಂದ ವ್ಯಾಪಾರಿ.

ಅಷ್ಟೇ. ಮದುವೆ ನಿಂತಿತು. ಸುಗಂಧಿ ಅಪ್ಪನಿಗೆ ಗಂಜಿ ಬಡಿಸಿದಳು, ಮಾತು ಬಡಿಸಲಿಲ್ಲ.

ದೋಣಿಯವನು ಪಂಚಾಯ್ತಿ ಸೇರಿಸಲು ಹೊರಟ. ಕೊಳೆತ ವಯರುಗಳನ್ನು ಕಿತ್ತು ಹಿರಿಯರ ಮುಂದೆ ಸುರಿಯಬೇಕು, ಆ ಮನುಷ್ಯನ ಮಾನ ಹರಾಜಾಗಬೇಕು. ಬೆಳಿಗ್ಗೆ ಬೋಟಿಗಿಳಿದು ವಯರುಗಳ ಜಾಡು ಹಿಡಿದ. ಹಾರ್ನಿನಿಂದ ಹೊರಟ ಕರಿ ವಯರು ಎಂಜಿನ್ನಿನ ಮೈಮೇಲಿನ ಒಂದು ಬೋಲ್ಟಿಗೆ ಸೇರಿತ್ತು. ದೀಪದ್ದೂ ಅಲ್ಲಿಗೇ. ಪಂಪಿನದ್ದೂ ಮೀಟರಿನದ್ದೂ ಅಲ್ಲಿಗೇ. ಬ್ಯಾಟರಿಯ ದಪ್ಪ ವಯರು ಕೂಡ ಅಲ್ಲಿಗೇ. ಒಂದೂ ಕೊಳೆತಿರಲಿಲ್ಲ.

ಬೋಲ್ಟು ಬಿಚ್ಚಿದ. ಕೆಳಗೆ ಕಬ್ಬಿಣ ಕಾಣಲಿಲ್ಲ. ನೀಲಿ ಬಣ್ಣ, ದೋಸೆಯ ದಪ್ಪ; ವಯರುಗಳ ತುದಿಗೂ ಅದೇ ಮೆತ್ತಿತ್ತು. ತಾನೇ ವಯರು ಬಿಚ್ಚಿ, ತಾನೇ ಬಳಿದು, ಅದರ ಮೇಲೆ ತಾನೇ ಬಿಗಿದದ್ದು. ಕರೆಂಟು ವಾಪಸು ಹೋಗಲು ಇದ್ದದ್ದು ಅದೊಂದೇ ದಾರಿ. ಅದಕ್ಕೆ ಬಣ್ಣ ಅಡ್ಡ ಕೂತಿತ್ತು. ಚೂರಿಯಿಂದ ಕೆರೆದ. ಕಬ್ಬಿಣ ಬೆಳ್ಳಗೆ ಕಂಡ ಮೇಲೆ ಬಿಗಿದ. ಕೀಲಿ ತಿರುಗಿಸಿದ. ಎಂಜಿನ್ ಗುಡುಗಿತು.

ನೋಡಿದವರು ಯಾರೂ ಇರಲಿಲ್ಲ. ಬೀಗ ಕೊಟ್ಟ ಕೊಳಕು ಮಾಲನ್ನು ನಾನೇ ಸರಿಮಾಡಿಕೊಂಡೆ ಅಂದಿದ್ದರೆ ಊರು ಹೌದು ಹೌದು ಅನ್ನುತ್ತಿತ್ತು. ಆದರೆ ಮಗಳ ಮದುವೆ ನಿಂತಲ್ಲೇ ನಿಲ್ಲುತ್ತಿತ್ತು. ದೋಣಿಯವನು ಬೋಟನ್ನು ಆಚೆ ದಡಕ್ಕೇ ತಿರುಗಿಸಿದ. ಸದ್ದು ಕೇಳಿ ಅಲ್ಲಿ ಜನ ನೆರೆದರು. ಜಗಳ ನೋಡಲೆಂದು ಮೀನಿನ ಬುಟ್ಟಿ ಕೆಳಗಿಟ್ಟು ಬಂದವರೂ ಇದ್ದರು.

“ಬೋಟಿನಲ್ಲಿ ದೋಷವಿರಲಿಲ್ಲ, ಬೀಗರೇ. ಅಂದ ಮಾಡಲು ಹೋಗಿ ನಾನೇ ಅದರ ಬಾಯಿಗೆ ಬಣ್ಣ ಮೆತ್ತಿದ್ದೆ. ಸಂತೆಯಲ್ಲಿ ಅಂದದ್ದಕ್ಕೆ ಇಲ್ಲಿ ಎಲ್ಲರೆದುರು ಕೈ ಮುಗಿಯುತ್ತೇನೆ.”

ವ್ಯಾಪಾರಿ ಬಗ್ಗಿ ಎಂಜಿನ್ನನ್ನು ಬಹಳ ಹೊತ್ತು ನೋಡಿದ.

“ಬಣ್ಣವೂ ಅಷ್ಟೇನೂ ಚೆನ್ನಾಗಿಲ್ಲ. ಹೆಣ್ಣಿನ ದಿಬ್ಬಣ ಇದರಲ್ಲೇ ಬರಲಿ. ಮಂಟಪಕ್ಕೆ ಬಣ್ಣ ಹಚ್ಚುವ ಕೆಲಸ ಮಾತ್ರ ನಿಮಗೆ ಬೇಡ, ಬೀಗರೇ.”

ಹೆಂಗಸರು ಬುಟ್ಟಿ ಎತ್ತಿಕೊಂಡರು. ಮಳೆಗಾಲದವರೆಗೆ ಸಾಗಬೇಕಾಗಿದ್ದ ಮಾತು ಒಂದೇ ಬೆಳಗಿಗೆ ಮುಗಿದುಹೋಯಿತಲ್ಲ ಎಂದು ಅವರಿಗೆ ಬಹಳ ಬೇಸರ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಕ್ಕ.

“ಕತೆ ಚೆನ್ನಾಗಿದೆ ಗುರುಗಳೇ. ನನ್ನ ಪ್ರಶ್ನೆ ಹಾಗೇ ಉಳಿಯಿತಲ್ಲ. ಅಡುಗೆಯವನಿಂದ ಶುರುಮಾಡಲೋ, ಹೂವಿನವಳಿಂದಲೋ?”

ಗುರುಗಳು ಅಂದರು: “ಉಸ್ತುವಾರಿ ಸಿಕ್ಕ ದಿನ ನೀನು ಮೈಗೆ ಏನು ಬಳಿದುಕೊಂಡೆಯೋ, ಮೊದಲು ಅದನ್ನು ಕೆರೆದುಕೊಂಡು ಬಾ.”