ಅಪ್ಪಣೆಗೆ ಕಾದ ಹೆಣಗಳು

ಏಳು ನಾಡಿಗೆ ಒಂದೇ ಕೋಟೆ ಇದ್ದ ಕಾಲದಲ್ಲಿ, ಒಂದಾನೊಂದು ಊರಲ್ಲಿ ಸಿಂಗರಾಯ ಅಂತ ಒಬ್ಬ ರಾಜ ಇದ್ದನಂತೆ. ಅವನ ಅರಮನೆ ಬಾಗಿಲಲ್ಲಿ ಹಿರಿಯರು ನೆಡಿಸಿದ್ದ ಒಂದು ಕಲ್ಲು. ಅದರಲ್ಲಿ ಹೀಗೆ ಕೆತ್ತಿತ್ತಂತೆ: ಕೋಟೆ, ದಂಡು, ಗಡಿ ರಾಜನವು. ಕೆರೆ, ಸಂತೆ, ಸುಡುಗಾಡು ಆಯಾ ನಾಡಿನವು. ಕಾಡು ಇಬ್ಬರದೂ, ಅಲ್ಲಿ ತಕರಾರು ಬಂದರೆ ರಾಜನ ಮಾತೇ ಮೇಲು. ಈ ಬರಹವನ್ನು ರಾಜನೊಬ್ಬನೇ ತಿದ್ದಕೂಡದು, ಏಳು ನಾಡಗೌಡರೂ ಕೂತು ಒಪ್ಪಬೇಕು.

ಸಿಂಗರಾಯನಿಗೆ ಎಲ್ಲವೂ ತನ್ನ ಕೈಯಲ್ಲೇ ಇರಬೇಕು ಅನ್ನೋ ಆಸೆ. ಉಳಿ ತರಿಸಿ 'ಸುಡುಗಾಡು' ಅನ್ನೋ ಮಾತನ್ನು ತಾನೇ ಕೆತ್ತಿ ತೆಗೆದ. "ಇನ್ನು ನನ್ನ ಮುದ್ರೆ ಇಲ್ಲದೆ ಯಾರನ್ನೂ ಮಣ್ಣು ಮಾಡಕೂಡದು" ಅಂತ ಡಂಗುರ ಸಾರಿಸಿದ.

ಕಟ್ಟಕಡೆಯ ನಾಡಲ್ಲಿ ಮಾಳಮ್ಮ ಅನ್ನೋಳ ಅತ್ತೆ ದೇವೀರಮ್ಮ ತೀರಿಕೊಂಡಳು. ಮುದ್ರೆ ತರೋಕೆ ಹೋದ ಗಂಡ ಒಂದು ದಿನ ಬರಲಿಲ್ಲ, ಎರಡು ದಿನ ಬರಲಿಲ್ಲ. ಅರಮನೆ ಬಾಗಿಲಲ್ಲೇ ಕಾಯುತ್ತಾ ಕೂತಿದ್ದ. ಮೂರನೇ ದಿನ ನಡುಮಧ್ಯಾಹ್ನ, ಜಗಲಿ ಮೇಲೆ ಮಲಗಿಸಿದ್ದ ಮುದುಕಿ ಎದ್ದು ಕೂತಳಂತೆ. ಕಣ್ಣು ಮುಚ್ಚೇ ಇತ್ತಂತೆ.

"ಮಾಳೀ, ಎಲ್ಲಿ ಮಲಗಲಿ?"

ಮಾಳಮ್ಮ ಎರಡು ಹೆಜ್ಜೆ ಹಿಂದೆ ಸರಿದು ಅಂದಳು: "ಅದು ನಮ್ಮ ಕೈಲಿಲ್ಲ ಅತ್ತೆ. ರಾಜನ್ನ ಕೇಳ್ಬೇಕು."

ಮುದುಕಿ ಎದ್ದು ನಡೆದಳು. ಮಾಳಮ್ಮನಿಗೆ ಹೆದರಿಕೆ, ಆದರೂ ಅತ್ತೆಯನ್ನು ಒಬ್ಬಳನ್ನೇ ಕಳಿಸಲಾರದೆ ಹಿಂದೆ ಹೋದಳು. ದಾರೀಲಿ ಒಂದೊಂದು ಊರಿಂದ ಒಂದೊಂದು ಹೆಣ ಬಂದು ಸೇರಿತು. ಸುಡುಬಿಸಿಲಲ್ಲಿ ನಡೆದರೂ ಒಂದಕ್ಕೂ ನೆರಳಿಲ್ಲ. ನಾಯಿ ಬೊಗಳಲಿಲ್ಲ, ಕಾಗೆ ಕೂಗಲಿಲ್ಲ.

ರಾಜನ ಒಡ್ಡೋಲಗಕ್ಕೆ ಹೋಗಿ ಸಾಲಾಗಿ ಕೂತು, ಎಲ್ಲವೂ ಒಂದೇ ದನಿಯಲ್ಲಿ ಕೇಳಿದವಂತೆ: "ಎಲ್ಲಿ ಮಲಗಲಿ?"

"ತಗೊಳ್ಳಿ ಮುದ್ರೆ! ಹೋಗಿ ಮಲಗಿ!" ಅಂದ ರಾಜ. ಒಂದೂ ಅಲ್ಲಾಡಲಿಲ್ಲ. ದಂಡು ಕರೆಸಿದ. ದಂಡಿನವರು ಆ ಸಾಲಲ್ಲಿ ತಮ್ಮ ತಮ್ಮ ಹೆತ್ತವರನ್ನು ಕಂಡು ಕತ್ತಿ ಕೆಳಗಿಟ್ಟರು.

ಆಗ ಮಾಳಮ್ಮ ಮುಂದೆ ಬಂದು ಅಂದಳು: "ಬುದ್ಧೀ, ಮುದ್ರೆ ಬೇಡ. ನಮ್ಮೂರ ಮಣ್ಣು ನಮ್ಮದು ಅಂತ ಆ ಕಲ್ಲಲ್ಲಿ ಮತ್ತೆ ಬರೀರಿ. ಗೌಡರನ್ನೂ ಕರೆಸಿ."

"ನಾನು ಬರೆದರೆ ಸಾಲದೇನಮ್ಮ?"

"ನೀವೊಬ್ಬರೇ ಅಳಿಸಿದ್ದಕ್ಕೇ ಅಲ್ವಾ ಇವರು ಇಲ್ಲಿ ಕೂತಿರೋದು?"

ಗೌಡರು ಬರಲು ಏಳು ದಿನ ಹಿಡಿಯಿತು. ಅಷ್ಟು ದಿನವೂ ರಾಜ ಎದ್ದರೆ ಹೆಣಗಳೂ ಏಳುತ್ತಿದ್ದವು, ರಾಜ ಉಣ್ಣಲು ಕೂತರೆ ಎದುರಿಗೇ ಕೂರುತ್ತಿದ್ದವು. ಗೌಡರು ಬಂದು ಒಪ್ಪಿದ ಮೇಲೆ ರಾಜನೇ ಮಂಡಿಯೂರಿ ಅಕ್ಷರ ಅಕ್ಷರವಾಗಿ ಕೆತ್ತಿದ. ಕೊನೆಯ ಅಕ್ಷರ ಮುಗಿಯುತ್ತಲೇ ಹೆಣಗಳು ಎದ್ದು ತಮ್ಮ ತಮ್ಮ ನಾಡಿನ ದಾರಿ ಹಿಡಿದವು.

ದೇವೀರಮ್ಮ ತನ್ನೂರ ಹುಣಸೆ ಮರದ ಕೆಳಗೆ, ತೋಡಿದ ಗುಂಡಿಯಲ್ಲಿ ತಾನೇ ಮಲಗಿದಳು. ಮಗ ಸೊಸೆ ಮೂರು ಹಿಡಿ ಮಣ್ಣು ಹಾಕಿದರು. ಮಾಳಮ್ಮ ಆವತ್ತೇ ಮೊದಲ ಸಲ ಬಾಯಿಬಿಟ್ಟು ಅತ್ತಳಂತೆ.

ಅವರು ಅವರ ಮಣ್ಣಲ್ಲಿ ತಣ್ಣಗೆ ಮಲಗಿದರು, ನಾವು ಕತೆ ಕೇಳಿ ಇಲ್ಲಿ ಬೆಚ್ಚಗೆ ಕೂತಿದ್ದೇವೆ.